ಸೈಕಲ್ ಟೂರಿನಲ್ಲಿ ‘ಮೂರು ಕಡೆ ಈಜು’ ಅಂತ ಹಾಕಿದ್ದಾರೆ, ಮನೆಯವರನ್ನು ಕರ್ಕೊಂಡು ಹೋಗಬಹುದಾ?

ವೆರ್ಣಾ ಶಿಫ್ಟ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ವಾಸ್ಕೋದಲ್ಲಿ ಮನೆ, ವೆರ್ಣಾದಲ್ಲಿ ಕೆಲಸ. ಗೋವಾಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ನೋಡಿದ್ದೇನು ಅಂದರೆ ಮನೆಯಿಂದ ಫ್ಯಾಕ್ಟರಿ, ಫ್ಯಾಕ್ಟರಿಯಿಂದ ಮನೆ, ಊರಿಂದ ನೆಂಟರು ಬಂದಾಗ ಹಳೇ ಗೋವಾದ ಚರ್ಚು ಮತ್ತು ಕಲಂಗುಟ್, ಅಷ್ಟೇ.

ಈಗ ದೀಪಾವಳಿ ಆದ ಮೇಲೆ ಭಾವಮೈದುನ ಗದಗಿನಿಂದ ಬರ್ತಿದ್ದಾನೆ. ಅವನಿಗೆ ಬೀಚು ಸಾಕಾಗಿದೆಯಂತೆ, ‘ಹಳ್ಳಿ ಕಡೆ ತೋರಿಸು ಮಾವ’ ಅಂತಾನೆ. ಹುಡುಕಿದಾಗ ಒಂದು ದಿನದ ಸೈಕಲ್ ಟೂರ್ ಸಿಕ್ತು. ಬೆಳಿಗ್ಗೆ ಆರೂವರೆಗೆ ಕುಡ್ತರಿಯಲ್ಲಿ ಶುರು, ಚಾಂದೋರ್ ಮೇಲೆ ಹಾದು ಕೊನೆಗೆ ವಾರ್ಕಾ ಕಡೆ ಸಮುದ್ರ. ಒಟ್ಟು 32 ಕಿಲೋಮೀಟರ್, ಜೊತೆಗೆ ಗೈಡ್ ಇರ್ತಾರೆ, ಸೈಕಲ್ಲು ಹೆಲ್ಮೆಟ್ಟು ಅವರದ್ದೇ, ತಿಂಡಿ ಊಟ ಸೇರಿ ತಲೆಗೆ ಎರಡೂವರೆ ಸಾವಿರ. ಅದರಲ್ಲಿ ‘ದಾರಿಯಲ್ಲಿ ಮೂರು ಕಡೆ ಈಜಲು ನಿಲ್ಲುತ್ತೇವೆ’ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಎಲ್ಲಿ ಅಂತ ಮಾತ್ರ ಹಾಕಿಲ್ಲ.

ನಾವು ನಾಲ್ಕು ಜನ. ಭಾವಮೈದುನ ಬಾವಿಯಲ್ಲಿ ಈಜು ಕಲಿತವನು, ಚಿಕ್ಕವನಿದ್ದಾಗ ಬೆನ್ನಿಗೆ ಸೋರೆ ಬುರುಡೆ ಕಟ್ಟಿ ಅವರಪ್ಪ ದೂಡಿದ್ದರಂತೆ, ಈಗ ಮೀನಿನ ಹಾಗೆ. ನನಗೆ ಸುಮಾರಾಗಿ ಬರುತ್ತೆ. ಮನೆಯವಳಿಗೆ ಬರಲ್ಲ. ಮಗ ಆರನೇ ಕ್ಲಾಸು, ಕ್ಲಬ್ಬಿನ ಪೂಲ್‌ನಲ್ಲಿ ಒಂದು ಬೇಸಿಗೆ ಕಲಿತಿದ್ದಾನೆ. ಸೈಕಲ್ಲು ನಾಲ್ವರಿಗೂ ಬರುತ್ತೆ, ಆದರೆ 32 ಕಿಲೋಮೀಟರ್ ಹೊಡೆದು ಅಭ್ಯಾಸ ಯಾರಿಗೂ ಇಲ್ಲ.

ಆಗುತ್ತಾ ನಮ್ಮ ಕೈಲಿ? ಯಾರಾದರೂ ಆ ಕಡೆ ಸೈಕಲ್ ಹೊಡೆದಿದ್ದರೆ ಹೇಳಿ. ಚಡಾವು ಜಾಸ್ತಿಯಾ? ಮನೆಯವಳು ಕೇಳ್ತಿರೋದು ಬೇರೆ: ಹೆಂಗಸರು ಏನು ಹಾಕ್ಕೊಂಡು ಬರಬೇಕು?


ಗುಡ್ಡ ಬೇಡ

ಹತ್ತು ಸಾವಿರ ಕೊಟ್ಟು ಸೈಕಲ್ ಹೊಡೆಯೋದಾ ಸ್ವಾಮಿ! ಮಡಗಾಂವ್‌ನಲ್ಲಿ ಬಾಡಿಗೆ ಸೈಕಲ್ ತಗೊಳ್ಳಿ, ಮೊಬೈಲಲ್ಲಿ ಮ್ಯಾಪ್ ಹಾಕ್ಕೊಳ್ಳಿ, ಹೋಗ್ತಾ ಇರಿ. ಗೈಡ್ ಯಾಕೆ? ಕುಡ್ತರಿಯಿಂದ ಚಾಂದೋರ್ ಪೂರಾ ಗದ್ದೆ ಬಯಲು, ನಮ್ಮ ಕಡೆ ಎರಿ ಹೊಲ ಇದ್ದ ಹಾಗೆ ಸಪಾಟು. ಉಳಿದ ದುಡ್ಡಲ್ಲಿ ನಾಲ್ಕು ಜನ ಮೀನೂಟ ಮಾಡಿ, ಮನೆಗೂ ಪಾರ್ಸಲ್ ತಗೊಂಡು ಹೋಗಿ.


ದಿವಾರ್ ಸುತ್ತು

ಮೊದಲು ಸೈಕಲ್ಲಿನ ಮಾತು. 32 ಕಿಲೋಮೀಟರ್ ಅಂದರೆ ಹೆದರಬೇಡಿ. ನಡುವೆ ನಿಂತು ನಿಂತು ಹೋದರೆ ಮೂರು ಮೂರೂವರೆ ಗಂಟೆ ತುಳಿಯೋದು, ಅಷ್ಟೇ. ಹೊಸಬರಿಗೆ ಕಾಲು ನೋಯುವ ಮೊದಲೇ ಕೂರುವ ಜಾಗ ನೋಯುತ್ತೆ. ಮುಂದಿನ ಎರಡು ಭಾನುವಾರ ಎಲ್ಲರೂ ಹತ್ತು ಹದಿನೈದು ಕಿಲೋಮೀಟರ್ ಹೊಡೆದು ನೋಡಿ, ಆ ದಿನ ಕಷ್ಟ ಆಗಲ್ಲ. ನವೆಂಬರ್ ಅಂದರೆ ಬೆಳಿಗ್ಗೆ ಹಿತ, ಹತ್ತೂವರೆ ಆದ ಮೇಲೆ ಬಿಸಿಲು ನೆತ್ತಿಗೆ ಹೊಡೆಯುತ್ತೆ. ಆರೂವರೆಗೆ ಶುರು ಅಂದಿದ್ದಾರಲ್ಲ, ಅದೊಂದು ಸರಿ ಇದೆ.

ಅಭ್ಯಾಸಕ್ಕೆ ನಾನು ಪ್ರತಿ ಸಲ ಹೇಳೋದು ದಿವಾರ್ ದ್ವೀಪ. ಹಳೇ ಗೋವಾದಲ್ಲಿ ವೈಸ್‌ರಾಯ್ ಕಮಾನಿನ ಕೆಳಗೆ ನುಸುಳಿ ಇಳಿದರೆ ಎದುರಿಗೇ ಫೆರಿ. ನಡೆದು ಹತ್ತುವವರಿಗೆ ದುಡ್ಡಿಲ್ಲ, ನನ್ನ ಸೈಕಲ್ಲಿಗೂ ಇವತ್ತಿನವರೆಗೆ ಯಾರೂ ಕೇಳಿಲ್ಲ. ಒಂದೇ ಒಂದು ಎಚ್ಚರ: ಫೆರಿಯ ಕಬ್ಬಿಣದ ಹಲಗೆ ಕೆಳಗೆ ಬೀಳುತ್ತಲ್ಲ, ಅದು ಜೆಟ್ಟಿಗೆ ತಾಗುವ ಕಡೆ ಯಾವಾಗಲೂ ಒದ್ದೆ, ಅದರಾಚೆ ಹಸಿರು ಪಾಚಿ. ಸೈಕಲ್ ಮೇಲೆ ಕೂತು ಇಳಿಯೋ ಶೋಕಿ ಬೇಡ. ನಾನು ಶೋಕಿ ಮಾಡಿ ಮಂಡಿ ಒಡಕೊಂಡಿದ್ದೇನೆ, ಮೀನಿನ ಬುಟ್ಟಿ ಹಿಡಕೊಂಡಿದ್ದ ಒಬ್ಬ ಅಜ್ಜಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ದಿವಾರ್‌ನಲ್ಲಿ ಪಿಯೆದಾದೆ ಗುಡ್ಡ ಒಂದು ಬಿಟ್ಟರೆ ಎಲ್ಲ ಸಮ. ಆ ಕಡೆ ತುದಿಯಲ್ಲಿ ನಾರೋವಾ ಫೆರಿ ಹತ್ತಿ ದಾಟಿದರೆ ಡಿಚೋಲಿ ಸೀಮೆಯ ನಾರ್ವೆ. ಅಲ್ಲಿ ಸಪ್ತಕೋಟೀಶ್ವರ ದೇವಸ್ಥಾನ. ನಮ್ಮವರು ನೋಡಲೇಬೇಕು, ಯಾಕಂದ್ರೆ ಇದು ಗೋವಾ ಕದಂಬರ ಮನೆದೇವರು, ಅವರ ಚಿನ್ನದ ನಾಣ್ಯದ ಮೇಲೂ ಈ ದೇವರ ಹೆಸರೇ. ಮೊದಲು ಗುಡಿ ಇದ್ದದ್ದು ದಿವಾರ್‌ನಲ್ಲಿ. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗ ಹೊಳೆ ದಾಟಿ ಇಲ್ಲಿಗೆ ಬಂತು, 1668ರಲ್ಲಿ ಶಿವಾಜಿ ಹೊಸದಾಗಿ ಕಟ್ಟಿಸಲು ಹೇಳಿದ. ಇಲ್ಲಿನ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಅಂತ ಓದಿ ಖುಷಿಪಡುತ್ತೇವಲ್ಲ, ಆ ಕದಂಬರೇ ಇವರು. ಅಲ್ಲಿಂದ ಮಯೇಂ, ಚೊಡಣ್, ರಿಬಂದರ್ ಫೆರಿ ಹಿಡಿದು ವಾಪಸ್. ಇಡೀ ಸುತ್ತು 35ರ ಒಳಗೆ.

ಆದರೆ ಅಲ್ಲಿ ಎಲ್ಲೂ ನೀರಿಗೆ ಇಳಿಯಬೇಡಿ. ತಮಾಷೆಗೆ ಹೇಳ್ತಿಲ್ಲ. ಮಾಂಡವಿಯನ್ನೂ ಜುವಾರಿಯನ್ನೂ ಜೋಡಿಸುವ ಕುಂಭಾರ್ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ, ಪ್ರವಾಸಿಗರನ್ನು ಅವನ್ನು ತೋರಿಸೋಕೇ ದೋಣಿಯಲ್ಲಿ ಕರ್ಕೊಂಡು ಹೋಗ್ತಾರೆ. ದಂಡೆಯ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡದ ಬುಡದಲ್ಲಿ ಕೆಸರಿನ ಬಣ್ಣಕ್ಕೇ ಬಿದ್ದುಕೊಂಡಿರುತ್ತವೆ, ತೋರಿಸಿದರೂ ಮೊದಲು ಕಾಣಲ್ಲ. ಖಾನಾಪುರದ ಭೀಮಗಡದ ಕಾಡಲ್ಲಿ ಹುಟ್ಟೋ ನಮ್ಮ ಮಹದಾಯಿಯೇ ಇಲ್ಲಿ ಮಾಂಡವಿ ಅಂತ ಅಭಿಮಾನ ಇರಲಿ, ಈಜು ಬೇಡ.

ಹಾಗಾಗಿ ನಿಮ್ಮ ಟೂರಿನವರನ್ನು ಮೊದಲು ಕೇಳಿ, ಆ ಮೂರು ಜಾಗ ಯಾವುದು ಅಂತ. ಹೆಸರು ಹೇಳದಿದ್ದರೆ ದುಡ್ಡು ಕಟ್ಟಬೇಡಿ.


ವೆರ್ಣಾ ಶಿಫ್ಟ್

ಫೋನ್ ಮಾಡಿ ಕೇಳಿದೆ. ಒಂದು, ಕುಡ್ತರಿ ಹತ್ತಿರ ಹೊಳೆ ಪಕ್ಕ ಬಾಂದಿನ ಒಳಗಿರೋ ಕೊಳ, ‘ನೀರು ನಿಂತಿರುತ್ತೆ, ಮಕ್ಕಳೂ ಇಳೀತಾರೆ’ ಅಂದರು. ಎರಡು, ‘ನೀಲಿ ಸರೋವರ’ ಅಂತೆ, ಯಾರಿಗೂ ಗೊತ್ತಿಲ್ಲದ ಜಾಗ ಅಂತೆ, ಒತ್ತಿ ಕೇಳಿದ ಮೇಲೆ ಹಳೇ ಕಲ್ಲಿನ ಕ್ವಾರಿ ಅಂತ ಬಾಯಿಬಿಟ್ಟರು. ಮೂರು, ವಾರ್ಕಾ ಬೀಚು. ಕುಡ್ತರಿಯಲ್ಲೂ ಮೊಸಳೆ ಇದೆಯಾ? ಅದನ್ನೂ ಕೇಳಿದೆ, ನಕ್ಕುಬಿಟ್ಟರು.


ಕುಮಟೆಯವಳು

ಅಣ್ಣಾ, ಅವರು ನಕ್ಕಿದ್ದು ಸರಿಯಲ್ಲ. ಕುಡ್ತರಿ ಪಕ್ಕದ ಹೊಳೆಯೂ ಜುವಾರಿಯೇ. ಅದೇ ಜುವಾರಿ ದಂಡೆಯ ಬೋರಿಯಲ್ಲಿ ಪುಷ್ಯ ಮಾಸದಲ್ಲಿ ರೈತರು ಗದ್ದೆಯ ಬಾಂದಿನ ಮೇಲೆ ಕೆಸರಿನಿಂದಲೇ ಮೊಸಳೆ ಮಾಡಿ ಪೂಜೆ ಮಾಡ್ತಾರೆ, ಮಾಂಗೆ ಥಾಪ್ಣಿ ಅಂತ ಹೆಸರು. ಮೊಸಳೆ ಇಲ್ಲದ ಊರಲ್ಲಿ ಮೊಸಳೆಗೆ ಪೂಜೆ ಯಾರು ಮಾಡ್ತಾರೆ ಹೇಳಿ.

ಆದರೆ ಆ ಕೊಳದ ವಿಷಯಕ್ಕೆ ನನಗೆ ಮೊಸಳೆಗಿಂತ ಜಾಸ್ತಿ ಭಯ ಇರೋದು ತೂಬಿನದ್ದು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳ್ತೇನೆ.

ಗೋವಾದಲ್ಲಿ ಹೊಳೆ ದಂಡೆಯ ಉಪ್ಪುನೀರಿನ ತಗ್ಗು ಗದ್ದೆಗೆ ಖಜಾನ್ ಅಂತಾರಲ್ಲ, ಅದು ನಮ್ಮ ಅಘನಾಶಿನಿ ಕಡೆಯ ಗಜನಿ ಭೂಮಿಯೇ. ನಾವು ಕಗ್ಗ ಬತ್ತ ಬೆಳೀತೇವೆ, ಇವರು ಕೊರ್ಗುಟ್ ಅಂತಾರೆ, ಎರಡೂ ಉಪ್ಪು ತಡೆಯೋ ಬತ್ತ. ಹೊಳೆಗೆ ಅಡ್ಡ ಮಣ್ಣಿನ ಬಾಂದು ಹಾಕಿ ಅದರಲ್ಲಿ ಅಲ್ಲಲ್ಲಿ ತೂಬು ಇಟ್ಟಿರ್ತಾರೆ, ಇಲ್ಲಿ ಅದಕ್ಕೆ ಮಾನಸ್ ಅಂತ ಹೆಸರು. ಮರದ ಬಾಗಿಲು. ಅದನ್ನು ತೆಗೆದು ಹಾಕೋಕೆ ಜನ ಬೇಡ. ಉಬ್ಬರ ಬಂದಾಗ ಹೊಳೆ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತೆ, ಇಳಿತ ಆದಾಗ ಒಳಗಿನ ನೀರು ದೂಡಿ ತೆರೆಯುತ್ತೆ. ತೂಬಿನ ಒಳಗಡೆ ಒಂದು ಆಳದ ಗುಂಡಿ ಆಗಿರುತ್ತೆ, ಮೀನು ಸಿಗಡಿ ಅಲ್ಲೇ ಸೇರೋದು, ಇಳಿತದ ಹೊತ್ತಿಗೆ ಬಾಯಿಗೆ ಬಲೆ ಕಟ್ಟಿ ಹಿಡೀತಾರೆ. ನಿಮ್ಮ ಟೂರಿನವರು ಹೇಳಿದ ಕೊಳ ಇಂಥದ್ದೇ ಇರಬೇಕು.

ಮೂರು ವರ್ಷದ ಹಿಂದೆ ನಾವು ಆರು ಜನ ಬೇರೆ ಒಬ್ಬ ಗೈಡ್ ಜೊತೆ ಹೀಗೇ ಹೋಗಿದ್ದೆವು. ಬೆಳಿಗ್ಗೆ ಹತ್ತರ ಸುಮಾರು. ಕೊಳ ಕನ್ನಡಿ ಹಾಗೆ ಇತ್ತು, ಬಾಂದಿನ ಮೇಲೆ ಬೆಳ್ಳಕ್ಕಿ ಸಾಲು, ನೀರು ಎದೆಮಟ್ಟ. ನನ್ನ ಅಕ್ಕನ ಮಗ ಒಂದು ಕಾಲಿನ ಹವಾಯಿ ಚಪ್ಪಲಿ ನೀರಿಗೆ ಬಿಟ್ಟು ದೋಣಿ ಆಟ ಆಡ್ತಿದ್ದ. ಮೊದಲು ಚಪ್ಪಲಿ ನಿಂತಲ್ಲೇ ತಿರುಗ್ತಿತ್ತು. ಆಮೇಲೆ ನಿಧಾನಕ್ಕೆ ತೂಬಿನ ಕಡೆ ಹೊರಟಿತು. ಗಾಳಿ ಇರಲಿಲ್ಲ. ಇವನು ಹಿಂದೆ ಹೊರಟ. ನಾನು ‘ಬಿಡೋ, ಬೇರೆ ತಗೊಳ್ಳೋಣ’ ಅನ್ನುವಷ್ಟರಲ್ಲಿ ಚಪ್ಪಲಿ ಸರ್ರಂತ ಓಡಿ ಬಾಗಿಲ ಕೆಳಗೆ ಮಾಯ! ಹುಡುಗನ ಕಾಲು ನೆಲಕ್ಕೆ ನಿಲ್ತಿರಲಿಲ್ಲ. ದಡದಲ್ಲಿ ಬಲೆ ಬಿಡಿಸ್ತಾ ಕೂತಿದ್ದ ಒಬ್ಬರು ಬಿದಿರು ಚಾಚಿ ಹಿಡಿಸಿ ಎಳೆದರು, ಕೊಂಕಣಿಯಲ್ಲಿ ನಮಗೆಲ್ಲ ಚೆನ್ನಾಗಿ ಬೈದರು, ಬೈಸಿಕೊಳ್ಳೋ ಹಾಗೇ ಇದ್ದೆವು ಬಿಡಿ. ಗೈಡ್ ಹೇಳಿದ್ದು ಏನು ಗೊತ್ತಾ? ‘ಹೋದ ವಾರ ಇದೇ ಹೊತ್ತಿಗೆ ಬಂದಿದ್ದೆ, ನೀರು ನಿಂತಿತ್ತು.’

ನಿಂತೇ ಇರುತ್ತೆ. ಉಬ್ಬರದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆ, ಸ್ವಲ್ಪ ಜಾಸ್ತಿಯೇ, ಮುಂದೆ ಹೋಗುತ್ತೆ. ಹೋದ ವಾರ ಹತ್ತಕ್ಕೆ ತುಂಬಿದ್ದರೆ ಈ ವಾರ ಹತ್ತಕ್ಕೆ ಇಳಿದಿರುತ್ತೆ. ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನೂ ದಂಡೆಯಲ್ಲೇ ಹುಟ್ಟಿದವಳು, ಗೈಡ್ ಇದ್ದಾನಲ್ಲ ಅಂತ ಆ ದಿನ ತಲೆ ಮನೆಯಲ್ಲಿಟ್ಟು ಬಂದಿದ್ದೆ.

ಬಟ್ಟೆ ವಿಷಯ: ಅತ್ತಿಗೆಗೆ ಲೆಗಿನ್ಸ್, ಉದ್ದ ತೋಳಿನ ಟೀಶರ್ಟ್ ಸಾಕು. ದುಪಟ್ಟಾ, ಪಟಿಯಾಲ ಬೇಡವೇ ಬೇಡ, ಚೈನಿಗೆ ಸಿಕ್ಕಿಕೊಳ್ಳುತ್ತೆ. ಇನ್ನೊಂದು ಗುಟ್ಟು, ಇದು ಗಂಡಸರಿಗೂ. ಸ್ಪಂಜು ಇರೋ ಸೈಕಲ್ ಚಡ್ಡಿ ಹಾಕ್ಕೊಂಡು ಉಪ್ಪುನೀರಿಗೆ ಇಳಿದು ಮತ್ತೆ ಸೀಟಿನ ಮೇಲೆ ಕೂರಬೇಡಿ. ಸ್ಪಂಜು ನೀರು ಹಿಡಿದಿಟ್ಟುಕೊಳ್ಳುತ್ತೆ, ಉಪ್ಪು ಒಣಗಿ ಮರಳು ಕಾಗದದ ಹಾಗೆ ಉಜ್ಜುತ್ತೆ. ಮೂರು ದಿನ ಅಗಲಿಸಿಕೊಂಡು ನಡೀಬೇಕಾಗುತ್ತೆ. ಹಾಗಾಗಿ ಸಮುದ್ರ ಕೊನೆಗೇ ಇರಲಿ, ಅದಾದ ಮೇಲೆ ಸೈಕಲ್ಲು ಟೆಂಪೋ ಹತ್ತಲಿ.


ಗುಡ್ಡ ಬೇಡ

ಅಕ್ಕಾ, ನನ್ನ ಮಾತು ವಾಪಸ್ ತಗೊಂಡೆ. ಗೈಡ್ ಬೇಡ ಅಂದಿದ್ದೆ. ಗೈಡ್ ಇದ್ದೂ ಹೀಗಾದರೆ ಮ್ಯಾಪ್ ನೋಡ್ಕೊಂಡು ಹೋದವರ ಗತಿ ಏನು. ಮೀನೂಟದ ಮಾತು ಮಾತ್ರ ವಾಪಸ್ ಇಲ್ಲ.


ಹಳೇ ಈಜುಗಾರ

ಕ್ವಾರಿ ಬಗ್ಗೆ ನಾನು ಹೇಳ್ತೇನೆ. ಮಡಗಾಂವ್‌ನಲ್ಲಿ ಮಕ್ಕಳಿಗೆ ಈಜು ಕಲಿಸೋನು, ಮೂಲ ಹಾವೇರಿ. ಚಿರೆಕಲ್ಲನ್ನು ಇಟ್ಟಿಗೆ ಹಾಗೆ ನೇರಕ್ಕೆ ಕೊಯ್ದು ತೆಗೀತಾರೆ. ಹಾಗಾಗಿ ಗುಂಡಿಗೆ ಗೋಡೆ ಇರುತ್ತೆ, ದಂಡೆ ಇರಲ್ಲ. ಹಾರುವುದು ಸುಲಭ, ಹತ್ತಿ ಬರೋಕೆ ಹಿಡಿತ ಸಿಗಲ್ಲ, ಸಿಕ್ಕ ಕಡೆ ಪಾಚಿ. ಒಂದು ಹೆಜ್ಜೆ ಮಂಡಿಯುದ್ದ, ಮುಂದಿನ ಹೆಜ್ಜೆ ಎರಡಾಳು. ಮೇಲೆ ನೀರು ಬೆಚ್ಚಗೆ, ಒಳಗೆ ತಣ್ಣಗೆ, ಬಿಸಿಲಲ್ಲಿ ಸೈಕಲ್ ಹೊಡೆದು ಬಂದ ಮೈ ಸೀದಾ ಅದಕ್ಕೆ ಬಿದ್ದರೆ ಉಸಿರು ಹಿಡಿದುಕೊಳ್ಳುತ್ತೆ. ಮುಳುಗಿದವರನ್ನು ನೋಡೋಕೂ ಅಲ್ಲಿ ಜನ ಇರಲ್ಲ, ಯಾಕಂದ್ರೆ ಅದು ‘ಯಾರಿಗೂ ಗೊತ್ತಿಲ್ಲದ ಜಾಗ’. ಮಳೆಗಾಲದಲ್ಲಿ ಜಲಪಾತ, ಕ್ವಾರಿ, ಹೊಳೆಗೆ ಇಳಿಯಬಾರದು ಅಂತ ಜಿಲ್ಲಾಡಳಿತ ಸುಮ್ನೆ ಆದೇಶ ಹೊರಡಿಸಲ್ಲ. ನವೆಂಬರ್‌ನಲ್ಲಿ ಮಳೆ ನಿಂತಿರುತ್ತೆ ನಿಜ, ಗುಂಡಿಯ ನೀರು ಎಲ್ಲಿಗೂ ಹೋಗಿರಲ್ಲ.

ನಿಮ್ಮ ಭಾವಮೈದುನನಿಗೆ ಸ್ವಲ್ಪ ಬುದ್ಧಿ ಹೇಳಿ. ಬಾವಿಯಲ್ಲಿ ಕಲಿತವರಿಗೆ ದಮ್ಮು ಚೆನ್ನಾಗಿರುತ್ತೆ, ಧೈರ್ಯ ಅದಕ್ಕಿಂತ ಚೆನ್ನಾಗಿರುತ್ತೆ. ಬಾವಿಯ ನೀರು ನಿಮ್ಮನ್ನು ಎಲ್ಲಿಗೂ ಕರ್ಕೊಂಡು ಹೋಗಲ್ಲ. ಸಮುದ್ರ ಹೋಗುತ್ತೆ.

ವಾರ್ಕಾದಲ್ಲಿ ಲೈಫ್‌ಗಾರ್ಡ್ ಗೋಪುರ ಹುಡುಕಿ, ಅದರ ಎದುರಿಗೇ ಇಳೀರಿ. ಕೆಂಪು ಹಳದಿ ಎರಡು ಬಾವುಟ ನೆಟ್ಟಿರ್ತಾರೆ, ಅವೆರಡರ ನಡುವೆ ಮಾತ್ರ ಈಜಬೇಕು. ಬರೀ ಕೆಂಪು ಇದ್ದರೆ ಇಳಿಯೋ ಹಾಗಿಲ್ಲ. ನಮ್ಮ ಊರ ಜನ ಬಂದಾಗ ಒಂದು ತಪ್ಪು ಮಾಡ್ತಾರೆ: ಅಲೆ ಜೋರಾಗಿ ಒಡೆಯೋ ಕಡೆ ಬಿಟ್ಟು, ನಡುವೆ ಒಂದು ಪಟ್ಟಿ ಶಾಂತವಾಗಿ ಕಾಣುತ್ತಲ್ಲ, ಮಕ್ಕಳನ್ನು ಅಲ್ಲಿ ಬಿಡ್ತಾರೆ. ದಡಕ್ಕೆ ಬಂದ ನೀರು ಒಳಗೆ ವಾಪಸ್ ಹೋಗೋ ದಾರಿಯೇ ಅದು. ಸೆಳವು. ಅದರಲ್ಲಿ ಸಿಕ್ಕಿದರೆ ದಡದ ಕಡೆ ಜಗ್ಗಾಡಬೇಡಿ, ಸುಸ್ತಾಗಿ ಮುಳುಗ್ತೀರಿ. ದಡಕ್ಕೆ ಸಮವಾಗಿ, ಅಡ್ಡಕ್ಕೆ ಈಜಿ, ಸೆಳವಿನ ಪಟ್ಟಿ ಅಗಲ ಇರಲ್ಲ, ಹೊರಗೆ ಬಿದ್ದ ಮೇಲೆ ಅಲೆಯೇ ತಂದು ಬಿಡುತ್ತೆ. ಅಡ್ಡಕ್ಕೂ ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಿ.

ಮಗನಿಗೆ ಪೂಲ್ ಅಭ್ಯಾಸ ಅಂದಿರಿ. ಪೂಲ್‌ನಲ್ಲಿ ಕಲಿತ ಮಕ್ಕಳು ಮೊದಲ ಅಲೆ ಮುಖಕ್ಕೆ ಹೊಡೆದಾಗ ಬಾಯಿ ತೆರೀತಾರೆ. ಸೊಂಟದ ಮಟ್ಟ ದಾಟಿಸಬೇಡಿ, ನೀವು ಅವನಿಗಿಂತ ಆಳದ ಕಡೆ ನಿಂತಿರಿ. ನವೆಂಬರ್ ಸುಮಾರಿಗೆ ಜೆಲ್ಲಿ ಮೀನು ಬರೋದುಂಟು, ತಾಗಿದರೆ ಮರಳಿಂದ ಉಜ್ಜಬೇಡಿ, ಸೀದಾ ಗೋಪುರಕ್ಕೆ ಹೋಗಿ.

ಟೂರಿನವರಿಗೆ ಇನ್ನೆರಡು ಪ್ರಶ್ನೆ. ಎಂಟು ಜನಕ್ಕೆ ಎಷ್ಟು ಗೈಡ್? ಎಲ್ಲರೂ ನೀರಲ್ಲಿರುವಾಗ ದಡದಲ್ಲಿ ನಿಂತು ತಲೆ ಎಣಿಸೋರು ಯಾರು? ಇದಕ್ಕೆ ‘ನೋಡ್ಕೋತೀವಿ ಸರ್’ ಅಂತ ಉತ್ತರ ಬಂದರೆ ಸೈಕಲ್ ಮಾತ್ರ ಹೊಡೀರಿ.


ವೆರ್ಣಾ ಶಿಫ್ಟ್

ಹೋಗಿ ಬಂದೆವು, ಅದಕ್ಕೇ ಬರೀತಿದ್ದೇನೆ.

ಫೋನಲ್ಲಿ ಖಡಾಖಂಡಿತ ಹೇಳಿದ್ದೆ, ಕ್ವಾರಿಗೆ ನಾವು ಇಳಿಯಲ್ಲ, ಕೊಳಕ್ಕೂ ಇಳಿಯಲ್ಲ, ಹಾಗಿದ್ದರೆ ಬರ್ತೇವೆ ಅಂತ. ಸ್ವಲ್ಪ ಮುಖ ಊದಿಸಿದರು. ಆಮೇಲೆ ಆ ದಿನ ಬಂದ ಇನ್ನೊಂದು ಕುಟುಂಬವೂ ಅದೇ ಮಾತು ಹೇಳಿದ್ದರಿಂದ ಕ್ವಾರಿಯನ್ನೇ ಬಿಟ್ಟುಬಿಟ್ಟರು. ಆ ಹೊತ್ತಲ್ಲಿ ಚಾಂದೋರ್‌ನ ಹಳೇ ಬಂಗಲೆ ತೋರಿಸಿದರು. ಗೈಡ್ ಹುಡುಗ ಒಳ್ಳೆಯವನೇ, ದಾರಿ ಚೆನ್ನಾಗಿ ಗೊತ್ತು, ಗದ್ದೆ ನಡುವಿನ ಕಾಲುದಾರಿಗಳು ನಮಗಂತೂ ಸಿಗ್ತಿರಲಿಲ್ಲ. ಕುಡ್ತರಿ ಕೆರೆ ಪಕ್ಕದ ಚರ್ಚಿನ ಹತ್ತಿರ ಪೊದೇರ್, ಅಂದರೆ ಬ್ರೆಡ್ ಮಾರೋನು, ಒಬ್ಬ ಸೈಕಲ್ ಹಿಂದೆ ಬುಟ್ಟಿ ಕಟ್ಟಿಕೊಂಡು ಪೋಂ ಪೋಂ ಅಂತ ಬಂದ, ಬಿಸಿ ಪೋಯಿ ಬ್ರೆಡ್ಡು ತಗೊಂಡು ಅಲ್ಲೇ ಬಾಂದಿನ ಮೇಲೆ ಕೂತು ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಜೊತೆ ತಿಂದೆವು. ಆ ಪೊದೇರ್‌ನ ಸೈಕಲ್ಲಿಗೆ ಗೇರೂ ಇಲ್ಲ, ನಮ್ಮೆಲ್ಲರನ್ನೂ ಹಿಂದೆ ಹಾಕಿ ಹೋದ.

ಕುಮಟೆಯ ತಂಗಿ ಹೇಳಿದ್ದ ಆ ಮಾನಸ್ ನೋಡಿದೆವು. ಇಳಿತದ ಹೊತ್ತು. ಮೇಲಿಂದ ನೋಡಿದರೆ ಏನೂ ಇಲ್ಲ, ಬಾಗಿಲ ಹತ್ತಿರ ಕಿವಿ ಕೊಟ್ಟರೆ ಒಳಗೆ ಗುಳುಗುಳು ಅಂತ ಒಂದೇ ಸಮ ಸದ್ದು. ಮಗ ಒಂದು ಒಣ ತೆಂಗಿನ ಗರಿ ಎಸೆದ. ಅದು ಬಾಗಿಲಿಗೆ ಅಂಟಿಕೊಂಡು, ನೆಟ್ಟಗೆ ನಿಂತು, ಒಳಗೆ ಹೋಯಿತು. ಭಾವಮೈದುನ ಅಲ್ಲೀವರೆಗೆ ‘ಒಂದು ಮುಳುಗು ಹಾಕ್ತೀನಿ ಮಾವ’ ಅಂತಿದ್ದವನು ಚಪ್ಪಲಿ ಹಾಕ್ಕೊಂಡ.

ಸಮುದ್ರದಲ್ಲಿ ಒಂದೂವರೆ ಗಂಟೆ ಇದ್ದೆವು, ಬಾವುಟದ ನಡುವೆಯೇ. ಮನೆಯವಳು ಮಂಡಿ ನೀರಲ್ಲಿ ಕೂತು ಎದ್ದೇಳಲೇ ಇಲ್ಲ. ಮುಂದಿನ ತಿಂಗಳು ಈಜು ಕಲೀಬೇಕಂತೆ, ಹಳೇ ಈಜುಗಾರ ಸರ್, ಹೆಂಗಸರಿಗೂ ಕಲಿಸ್ತೀರಾ?

ಒಂದು ತಪ್ಪು ಮಾಡಿದೆವು. ಮಗ ಹಟ ಮಾಡಿದ ಅಂತ ನಮ್ಮದೇ ಸೈಕಲ್ ಒಂದನ್ನು ಅವನಿಗೆ ತಗೊಂಡು ಹೋಗಿದ್ದೆ, ಅದನ್ನು ಅವನು ಅಲೆಯಂಚಿನ ಒದ್ದೆ ಮರಳಲ್ಲಿ ಓಡಿಸಿದ. ಎರಡು ದಿನಕ್ಕೇ ಚೈನು ಕಿರ್ ಕಿರ್ ಅಂತಿದೆ, ಕೆಂಪಗಾಗಿದೆ. ತೆಂಗಿನೆಣ್ಣೆ ಹಾಕಲಾ?


ದಿವಾರ್ ಸುತ್ತು

ತೆಂಗಿನೆಣ್ಣೆ ಬೇಡ ಮಾರಾಯ್ರೇ, ಧೂಳು ಹಿಡಿದು ಅಂಟಾಗುತ್ತೆ. ಮೊದಲು ಸಿಹಿನೀರಲ್ಲಿ ಚೆನ್ನಾಗಿ ತೊಳೀರಿ, ಹಳೇ ಟೂತ್‌ಬ್ರಶ್‌ನಿಂದ ಸಂದಿಯ ಮರಳು ತೆಗೀರಿ, ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಪೂರಾ ಒಣಗಿದ ಮೇಲೆ ಸೈಕಲ್ ಅಂಗಡಿಯ ಚೈನ್ ಎಣ್ಣೆ ಕೊಂಡಿಗೊಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಮೇಲಿನದನ್ನು ಒರೆಸಿಬಿಡಿ. ಸೀಟಿನ ಕಂಬವನ್ನೂ ಎಳೆದು ಒರೆಸಿ, ಉಪ್ಪು ಅಲ್ಲಿ ಕೂತರೆ ಆಮೇಲೆ ಸುತ್ತಿಗೆ ಬೇಕಾಗುತ್ತೆ. ಕೊಂಡಿ ಮಡಚಿಕೊಳ್ಳದಿದ್ದರೆ ಚೈನೇ ಬದಲಾಯಿಸಿ.


ಹಳೇ ಈಜುಗಾರ

ಕಲಿಸ್ತೇನೆ. ಬೆಳಿಗ್ಗೆ ಏಳಕ್ಕೆ ಹೆಂಗಸರ ಬ್ಯಾಚ್ ಇದೆ, ಇಬ್ಬರು ಬಾಗಲಕೋಟೆಯವರು ಆಗಲೇ ಇದ್ದಾರೆ. ಬರೋಕೆ ಹೇಳಿ. ಭಾವಮೈದುನನನ್ನೂ ಕಳಿಸಿ.